ಬಡಾವಣೆಗೆ ಹೊಸ ಬಾವುಟ ತರಬೇಕು: ಖಾದಿಯೇ ಆಗಬೇಕಾ?

ಕೆರೆಏರಿಯವ
ಎಲ್ಲರಿಗೂ ನಮಸ್ಕಾರ. ಆಗಸ್ಟ್ 15ಕ್ಕೆ ನಮ್ಮ ಬಡಾವಣೆಯ ಸಂಘಕ್ಕೆ ಹೊಸ ಬಾವುಟ ತರಬೇಕು. ಹಳೆಯದರ ಅಂಚು ಕಿತ್ತುಹೋಗಿದೆ. ಇಷ್ಟು ಸಣ್ಣ ವಿಷಯ ಈಗ ದೊಡ್ಡ ಜಗಳ ಆಗಿದೆ. ಆನ್‌ಲೈನ್‌ನಲ್ಲಿ ಸಿಗುವ ಪಾಲಿಯೆಸ್ಟರ್ ಬಾವುಟ ಸಾಕು, ನೆನೆದರೂ ಬೇಗ ಒಣಗುತ್ತೆ, ದುಡ್ಡೂ ಕಡಿಮೆ ಅಂತ ಖಜಾಂಚಿ. ಖಾದಿ ಅಲ್ಲದಿದ್ದರೆ ನಾನು ಧ್ವಜಾರೋಹಣಕ್ಕೇ ಬರಲ್ಲ ಅಂತ ನಮ್ಮ ನಿವೃತ್ತ ಮೇಷ್ಟ್ರು.

ಮೊನ್ನೆ ಸಭೆಯಲ್ಲಿ ಮಾತಿಗೆ ಮಾತು ಬೆಳೆಯಿತು. ಒಬ್ಬರು ‘ರಾಷ್ಟ್ರಗೀತೆಯನ್ನೇ ಐದನೇ ಜಾರ್ಜ್ ರಾಜನನ್ನು ಹೊಗಳೋಕೆ ಬರೆದದ್ದು, ಇನ್ನು ಬಟ್ಟೆಗೆ ಯಾಕೆ ತಕರಾರು’ ಅಂದುಬಿಟ್ಟರು. ಇನ್ನೊಬ್ಬರು ಕೇಸರಿ ಹಿಂದೂಗಳಿಗೆ, ಹಸಿರು ಮುಸ್ಲಿಮರಿಗೆ, ಬಿಳಿ ಉಳಿದವರಿಗೆ ಅಂದರು. ಮಕ್ಕಳು ಅಲ್ಲೇ ಕೂತು ಕೇಳುತ್ತಿದ್ದರು. ಸರಿಯಾದ ಉತ್ತರ ಕೊಡುವವರು ಯಾರೂ ಇರಲಿಲ್ಲ. ಅದು ನನಗೆ ತುಂಬಾ ಬೇಜಾರಾಯಿತು. ತಿಳಿದವರು ಬಿಡಿಸಿ ಹೇಳಿ. ಮೊದಲು ಇದು: ಪಾಲಿಯೆಸ್ಟರ್ ಹಾರಿಸಿದರೆ ಕಾನೂನು ಪ್ರಕಾರ ತಪ್ಪಾ?

ಕಪ್ಪುಕೋಟು
ತಪ್ಪಲ್ಲ. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ, ಅಂದರೆ ಬಾವುಟ ಹಾರಿಸುವ ಸರಕಾರಿ ನಿಯಮಗಳಿಗೆ, ತಿದ್ದುಪಡಿ ಆಯಿತು. ಅದಕ್ಕೂ ಮೊದಲು ಕೈಯಲ್ಲಿ ನೂತು, ಕೈಮಗ್ಗದಲ್ಲಿ ನೇಯ್ದ ಹತ್ತಿ, ಉಣ್ಣೆ ಅಥವಾ ರೇಷ್ಮೆ ಖಾದಿಯೇ ಆಗಬೇಕಿತ್ತು. ಈಗ ಯಂತ್ರದಲ್ಲಿ ಮಾಡಿದ್ದೂ ನಡೆಯುತ್ತದೆ, ಪಾಲಿಯೆಸ್ಟರ್ ಕೂಡ ನಡೆಯುತ್ತದೆ. 2022ರ ಜುಲೈನಲ್ಲಿ ಇನ್ನೊಂದು ತಿದ್ದುಪಡಿ ಬಂತು. ಆಮೇಲೆ ಸೂರ್ಯ ಮುಳುಗುವಾಗ ಇಳಿಸಲೇಬೇಕು ಅಂತಿಲ್ಲ, ಮನೆಯ ಮೇಲೆ ಹಗಲು ರಾತ್ರಿ ಹಾರಿಸಬಹುದು.

ಗೋಪಾಳ ಶೆಟ್ಟಿಹಳ್ಳಿ
ಹಾಗಾದರೆ ಮುಗಿಯಿತಲ್ಲ. ಪಾಲಿಯೆಸ್ಟರ್ ತನ್ನಿ, ಉಳಿದ ದುಡ್ಡಲ್ಲಿ ಮಕ್ಕಳಿಗೆ ಲಾಡು ಹಂಚಿ.

ಉಣಕಲ್ ಕೆರೆ ದಂಡೆ
ಮುಗಿಯೋದಿಲ್ಲ ನೋಡ್ರಿ. ನಮ್ಮ ಚಿಗವ್ವ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಬಾವುಟ ಹೊಲಿಯುತ್ತಾರೆ. ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ. ಸಂಘ ಶುರುವಾದದ್ದು 1957ರ ನವೆಂಬರ್ 1ಕ್ಕೆ. ದೇಶದ ದೊಡ್ಡ ದೊಡ್ಡ ಸರಕಾರಿ ಕಟ್ಟಡಗಳ ಮೇಲೆ ಹಾರುವ ಬಾವುಟ ಬರುವುದು ಅಲ್ಲಿಂದ. ಬಟ್ಟೆ ನೇಯುವುದು ಬಾಗಲಕೋಟೆ ಕಡೆ, ತುಳಸಿಗೇರಿಯಲ್ಲಿ. ಕೆಲಸ ಮಾಡುವವರಲ್ಲಿ ಹೆಂಗಸರೇ ಜಾಸ್ತಿ.

ಒಮ್ಮೆ ಹೋಗಿ ನೋಡಿದರೆ ಗೊತ್ತಾಗುತ್ತದೆ. ನೂಲು, ನೇಯ್ಗೆ, ಬಣ್ಣ, ಚಕ್ರದ ಅಚ್ಚು, ಹೊಲಿಗೆ, ಕೊನೆಗೆ ಹಗ್ಗ ಮತ್ತು ಮರದ ಗುಂಡಿ. ಒಂದೊಂದಕ್ಕೂ ಬೇರೆ ಬೇರೆ ಕೈ. ಮೂರು ಪಟ್ಟಿ ಒಂದೇ ಅಳತೆ ಇರಬೇಕು. ಕಂಬದ ಕಡೆ ಬರುವ ದಪ್ಪ ಬಟ್ಟೆ ಬೇರೆಯದೇ ಇರುತ್ತದೆ, ಅದರ ಬಣ್ಣ ಹಾಲಿನಂಥದ್ದಲ್ಲ, ಸ್ವಲ್ಪ ಮಾಸಲು. ಎಲ್ಲಕ್ಕಿಂತ ಕಷ್ಟದ್ದು ಚಕ್ರ. ಬಿಳಿ ಪಟ್ಟಿಯ ಎರಡೂ ಮಗ್ಗುಲಿಗೆ ಅಚ್ಚು ಹಾಕಬೇಕು, ಈ ಕಡೆಯ 24 ಗೆರೆ ಆ ಕಡೆಯ 24 ಗೆರೆಯ ಮೇಲೇ ಕೂರಬೇಕು. ಚಿಗವ್ವ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ನೋಡುತ್ತಾರೆ. ಒಂದು ಗೆರೆ ಜೋಡಿಯಾಗಿ ಕಂಡರೂ ಅದು ಬದಿಗೆ ಹೋಯಿತು ಅಂತ ಅರ್ಥ. ಕಾನೂನು ಬದಲಾದ ಮೇಲೆ ಇವರ ಆರ್ಡರ್ ಬಿದ್ದುಹೋಯಿತು. 2022ರಲ್ಲಿ ಸಂಘದವರು ಬಹಿರಂಗವಾಗಿ ವಿರೋಧ ಮಾಡಿದರು. ಮನೆಮನೆಗೂ ಬಾವುಟ ಹಾರಿದ ವರ್ಷವೇ ಬಾವುಟ ಹೊಲಿಯುವವರಿಗೆ ಕೆಲಸ ಕಡಿಮೆ ಆದರೆ ಹೇಗೆ ಹೇಳ್ರಿ?

ನರೇಂದ್ರದ ಹೊಲದವ
ಗರಗವನ್ನು ಮರೀಬೇಡಿ ಅಣ್ಣ. ಬೆಂಗೇರಿಗಿಂತ ಮೊದಲು ಧಾರವಾಡ ತಾಲೂಕಿನ ಗರಗದಲ್ಲೇ ಬಾವುಟದ ಬಟ್ಟೆ ಆಗುತ್ತಿದ್ದದ್ದು. ಅಲ್ಲಿನ ಸೇವಾ ಸಂಘ 1954ರದು.

ಉಣಕಲ್ ಕೆರೆ ದಂಡೆ
ಹೌದ್ರಿ, ಗರಗ ಹಿರಿಯದು. ಬೆಂಗೇರಿಯಲ್ಲಿ ಬಾವುಟದ ಕೆಲಸ ಶುರುವಾಗಿದ್ದು 2004ರ ನಂತರ.

ಮಗ್ಗದ ಮನೆ
ನಾನು ಪವರ್‌ಲೂಮ್ ಕಡೆಯವನು. ಒಂದು ಮಾತು ಹೇಳಲೇಬೇಕು. ಪಾಲಿಯೆಸ್ಟರ್ ನೇಯುವವರೂ ಈ ದೇಶದ ಕೂಲಿಕಾರರೇ. ಅವರ ಮನೆಯಲ್ಲೂ ಒಲೆ ಉರಿಯಬೇಕು. ಖಾದಿ ಬಾವುಟದ ಬೆಲೆ ಬಡವರ ಕೈಗೆ ಸಿಗುವಂಥದ್ದಲ್ಲ. ನಮ್ಮ ಬೀದಿಯ ಹಣ್ಣಿನ ಗಾಡಿಯವನು ಮನೆ ಮೇಲೆ ಬಾವುಟ ಹಾರಿಸಬೇಕು ಅಂದರೆ ಅವನಿಗೆ ಇಪ್ಪತ್ತು ಮೂವತ್ತು ರೂಪಾಯಿಯದೇ ಆಗಬೇಕು. ಅವನ ಬಾವುಟಕ್ಕೆ ಮರ್ಯಾದೆ ಕಮ್ಮಿನಾ?

ಸೋಬಾನೆ
ಖಂಡಿತ ಕಮ್ಮಿ ಅಲ್ಲ. ಆದರೆ ಹಣ್ಣಿನ ಗಾಡಿಯವರ ಹೆಸರು ಹೇಳಿಕೊಂಡು ಅರವತ್ತು ಮನೆಯ ಬಡಾವಣೆ ದುಡ್ಡು ಉಳಿಸೋದು ಸರಿಯಾ? ಕೊಡುವ ಶಕ್ತಿ ಇದ್ದವರು ಖಾದಿ ತರಲಿ ಅಂತ ನನ್ನ ಮಾತು.

ಕಪ್ಪುಕೋಟು
@ಮಗ್ಗದ ಮನೆ ಅವರ ಮಾತಲ್ಲಿ ತೂಕ ಇದೆ. ತುಂಬಾ ವರ್ಷ ಈ ದೇಶದ ಸಾಮಾನ್ಯ ಜನರಿಗೆ ಕೆಲವು ದಿನ ಬಿಟ್ಟು ಬೇರೆ ದಿನ ಬಾವುಟ ಹಾರಿಸುವ ಅವಕಾಶವೇ ಇರಲಿಲ್ಲ. 2002ರ ಜನವರಿ 26ರಂದು ಹೊಸ ಧ್ವಜ ಸಂಹಿತೆ ಜಾರಿಗೆ ಬಂದ ಮೇಲೆ ಅದು ಬದಲಾಯಿತು. 2004ರಲ್ಲಿ ನವೀನ್ ಜಿಂದಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಗೌರವದಿಂದ ಬಾವುಟ ಹಾರಿಸುವುದು ಪ್ರಜೆಯ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಅಂತ ಹೇಳಿತು. ಬಾವುಟ ಜನರ ಕೈಗೆ ಬಂದದ್ದು ಒಳ್ಳೆಯದೇ ಆಯಿತು.

ಕುಂದಾಪ್ರ ಭಟ್ರು
ಬಣ್ಣದ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಅದು ಧರ್ಮದ ಲೆಕ್ಕವೇ ಅಂತ ನಾವೂ ಶಾಲೆಯಲ್ಲಿ ಕೇಳಿದ ನೆನಪು.

ಹಳೇ ಕಡತ
ಶುರುವಿನಲ್ಲಿ ಹಾಗೇ ಇತ್ತು, ಆಮೇಲೆ ಬೇಕೆಂದೇ ಅದನ್ನು ಬಿಟ್ಟರು. ಈ ಕಥೆ ಪೂರ್ತಿ ಗೊತ್ತಿದ್ದರೆ ಸಭೆಯಲ್ಲಿ ಉತ್ತರ ಕೊಡೋದು ಸುಲಭ.

1921ರಲ್ಲಿ ಬೆಜವಾಡದಲ್ಲಿ, ಅಂದರೆ ಈಗಿನ ವಿಜಯವಾಡದಲ್ಲಿ, ಕಾಂಗ್ರೆಸ್ ಸಮಿತಿ ಸಭೆ ನಡೆಯಿತು. ಪಿಂಗಳಿ ವೆಂಕಯ್ಯ ಅಲ್ಲಿ ಗಾಂಧೀಜಿಗೆ ಕೆಂಪು ಮತ್ತು ಹಸಿರು ಪಟ್ಟಿಯ ಬಾವುಟ ತೋರಿಸಿದರು. ಚರಕ ಇರಲಿ ಅಂದವರು ಜಾಲಂಧರದ ಲಾಲಾ ಹಂಸರಾಜ್. ಉಳಿದ ಧರ್ಮದವರಿಗಾಗಿ ಬಿಳಿ ಪಟ್ಟಿ ಸೇರಿಸಿ ಅಂದವರು ಗಾಂಧೀಜಿ. ಆಗಿನ ಬಾವುಟದಲ್ಲಿ ಬಿಳಿ ಮೇಲೆ, ಹಸಿರು ನಡುವೆ, ಕೆಂಪು ಕೆಳಗೆ.

ಹೀಗೆ ಲೆಕ್ಕ ಹಾಕಿದರೆ ‘ನಮ್ಮ ಬಣ್ಣ ಎಲ್ಲಿ’ ಅನ್ನುವ ಪ್ರಶ್ನೆ ಬರಲೇಬೇಕು. ಬಂತು. ಸಿಖ್ಖರು ಕೇಳಿದರು. 1931ರಲ್ಲಿ ಒಂದು ಸಮಿತಿ ಮಾಡಿದರು. ಪಟೇಲ್, ನೆಹರು, ಮೌಲಾನಾ ಆಜಾದ್, ಮಾಸ್ಟರ್ ತಾರಾ ಸಿಂಗ್, ಕಾಕಾ ಕಾಲೇಲ್ಕರ್, ಪಟ್ಟಾಭಿ ಸೀತಾರಾಮಯ್ಯ ಇದ್ದರು. ಏಳನೆಯವರು ನಮ್ಮ ಹುಬ್ಬಳ್ಳಿಯ ಸ್ವಾತಂತ್ರ್ಯ ಹೋರಾಟಗಾರ ಡಾ. ನಾ. ಸು. ಹರ್ಡೀಕರ್! ಈ ಸಮಿತಿ ಪೂರ್ತಿ ಕೇಸರಿ ಬಾವುಟ, ಮೂಲೆಯಲ್ಲಿ ಚರಕ ಅಂತ ಶಿಫಾರಸು ಮಾಡಿತು. ಕಾಂಗ್ರೆಸ್ ಅದನ್ನು ಒಪ್ಪಲಿಲ್ಲ. ಕೇಸರಿ, ಬಿಳಿ, ಹಸಿರು ಅಂತ ತೀರ್ಮಾನ ಮಾಡಿ, ಈ ಬಣ್ಣಗಳಿಗೆ ಯಾವ ಕೋಮಿನ ಅರ್ಥವೂ ಇಲ್ಲ ಅಂತ ಠರಾವಿನಲ್ಲೇ ಬರೆದರು. ಕೇಸರಿ ಧೈರ್ಯ ಮತ್ತು ತ್ಯಾಗಕ್ಕೆ, ಬಿಳಿ ಸತ್ಯ ಮತ್ತು ಶಾಂತಿಗೆ.

1947ರಲ್ಲಿ ಸಂವಿಧಾನ ಸಭೆಯಲ್ಲಿ ರಾಧಾಕೃಷ್ಣನ್ ಮಾತಾಡಿದಾಗ ಹಸಿರನ್ನು ನಮಗೂ ಮಣ್ಣಿಗೂ ಇರುವ ನಂಟಿಗೆ, ಗಿಡಮರದ ಜೀವಕ್ಕೆ ಹೋಲಿಸಿದರು. ಹಾಗಾಗಿ ‘ಇದು ಇವರಿಗೆ, ಅದು ಅವರಿಗೆ’ ಅನ್ನೋದು 1931ಕ್ಕೇ ಮುಗಿದ ಮಾತು. ನಾವು ಇನ್ನೂ ಮಕ್ಕಳಿಗೆ ಅದನ್ನೇ ಹೇಳಿಕೊಡುತ್ತಾ ಇದ್ದರೆ ಅನ್ಯಾಯ.

ಗೋಪಾಳ ಶೆಟ್ಟಿಹಳ್ಳಿ
ಹರ್ಡೀಕರ್ ಆ ಸಮಿತಿಯಲ್ಲಿ ಇದ್ದದ್ದು ಗೊತ್ತೇ ಇರಲಿಲ್ಲ. ಎಷ್ಟು ಒಳ್ಳೇ ವಿಷಯ ಹೇಳಿದಿರಿ.

ಉಣಕಲ್ ಕೆರೆ ದಂಡೆ
ಹರ್ಡೀಕರ್ ಬಾವುಟಕ್ಕಾಗಿ ಜೈಲಿಗೂ ಹೋದವರು. 1923ರಲ್ಲಿ ನಾಗಪುರದಲ್ಲಿ ಝಂಡಾ ಸತ್ಯಾಗ್ರಹ ನಡೆಯಿತು. ಬಾವುಟ ಹಿಡಿದು ಮೆರವಣಿಗೆ ಹೋಗಬಾರದು ಅಂತ ಸರಕಾರದ ನಿಷೇಧ. ಹುಬ್ಬಳ್ಳಿಯಿಂದ ಹುಡುಗರನ್ನು ಕಟ್ಟಿಕೊಂಡು ಹೋದರು. ಕ್ಷಮೆ ಬರೆದುಕೊಟ್ಟರೆ ಬಿಡುತ್ತೇವೆ ಅಂದರೂ ಇವರ ಕಡೆಯವರು ಬರೆದುಕೊಡಲಿಲ್ಲ. ಅದೇ ವರ್ಷದ ಕೊನೆಗೆ ಕಾಕಿನಾಡದಲ್ಲಿ ಕಾಂಗ್ರೆಸ್ಸಿನ ಸ್ವಯಂಸೇವಕರ ಪಡೆ ಹಿಂದೂಸ್ತಾನಿ ಸೇವಾದಳ ಹುಟ್ಟಿತು, ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲೇ. ಬಾವುಟ ಏರಿಸುವಾಗ ಸಾಲಾಗಿ ನಿಲ್ಲೋದು, ವಂದನೆ ಕೊಡೋದು, ಹಾಡೋದು, ಇದನ್ನೆಲ್ಲ ಶಿಸ್ತಾಗಿ ಊರೂರಿಗೆ ಕಲಿಸಿದವರು ಸೇವಾದಳದವರು.

ಸೋಬಾನೆ
ಈಗಿನ ಬಾವುಟವನ್ನು ಪಿಂಗಳಿ ವೆಂಕಯ್ಯನವರೇ ಮಾಡಿದ್ದು ಅಂತ ಎಲ್ಲ ಕಡೆ ಬರೀತಾರಲ್ಲ?

ಹಳೇ ಕಡತ
ಬುಡ ಅವರದು, ಅದನ್ನು ಯಾರೂ ಅಲ್ಲಗಳೆಯಲ್ಲ. ಆದರೆ ಈಗಿರುವ ರೂಪಕ್ಕೆ ಬರುವಷ್ಟರಲ್ಲಿ ತುಂಬಾ ಜನರ ಕೈ ಸೇರಿದೆ. ಕೆಂಪು ಹೋಗಿ ಕೇಸರಿ ಬಂದದ್ದು 1931ರಲ್ಲಿ. ಚರಕದ ಜಾಗಕ್ಕೆ ಸಾರನಾಥದ ಅಶೋಕ ಸ್ತಂಭದ ಚಕ್ರ ಬಂದದ್ದು 1947ರ ಜುಲೈ 22ಕ್ಕೆ.

ಚರಕ ಯಾಕೆ ತೆಗೆದರು ಅಂತ ನೆಹರು ಅವತ್ತೇ ಹೇಳಿದರು. ಚರಕದಲ್ಲಿ ಒಂದು ಕಡೆ ಚಕ್ರ, ಇನ್ನೊಂದು ಕಡೆ ಕದಿರು. ಬಾವುಟವನ್ನು ಹಿಂದಿನಿಂದ ನೋಡಿದರೆ ಅದು ತಿರುವುಮುರುವು ಕಾಣುತ್ತದೆ. ಬರೀ ಚಕ್ರ ಆದರೆ ಎರಡೂ ಕಡೆ ಒಂದೇ. ಅವರು ಅವತ್ತು ಸಂವಿಧಾನ ಸಭೆಗೆ ಎರಡು ಬಾವುಟ ತಂದಿದ್ದರು, ಒಂದು ರೇಷ್ಮೆ ಖಾದಿಯದು, ಇನ್ನೊಂದು ಹತ್ತಿ ಖಾದಿಯದು. ಗಾಂಧೀಜಿಗೆ ಚರಕ ಹೋದದ್ದು ಇಷ್ಟವಾಗಲಿಲ್ಲ. ಅದನ್ನು ಮುಚ್ಚಿಡದೆ ಬರೆದರು ಕೂಡ.

ಮಗ್ಗದ ಮನೆ
ಅಂದರೆ ಚರಕವನ್ನೇ ತೆಗೆದವರು ಬಟ್ಟೆ ಮಾತ್ರ ಚರಕದ್ದೇ ಇರಲಿ ಅಂದರು. ಈಗ ಬಟ್ಟೆಯನ್ನೂ ಬದಲಾಯಿಸಿದ್ದಾರೆ. ಕಾಲ ಬದಲಾದ ಹಾಗೆ ಬಾವುಟವೂ ಬದಲಾಗುತ್ತಲೇ ಬಂದಿದೆ ಅನ್ನೋ ನನ್ನ ಮಾತಿಗೆ ಇದೇ ಸಾಕ್ಷಿ.

ನರೇಂದ್ರದ ಹೊಲದವ
ಅಲ್ಲ ಅಣ್ಣ, ಉಲ್ಟಾ ಯೋಚನೆ ಮಾಡಿ. ಚಿತ್ರದಿಂದ ಚರಕ ಹೋದ ಮೇಲೆ ಅದು ಉಳಿದದ್ದು ನೂಲಿನಲ್ಲಿ ಮಾತ್ರ. ಅದೂ ಹೋದರೆ ಏನು ಉಳಿಯಿತು? ಹಳ್ಳಿಯ ಹೆಂಗಸು ಮನೆಯಲ್ಲಿ ನೂತ ದಾರ ಕೆಂಪುಕೋಟೆಯ ಮೇಲೆ ಹಾರೋದು ಸಣ್ಣ ವಿಷಯ ಅಲ್ಲ. ನಾನು ಇದರಲ್ಲಿ ಮೇಷ್ಟ್ರ ಪಕ್ಷ.

ಟೀಚರ್ ಹೊನ್ನಾಳಿ
ಕೆಂಪುಕೋಟೆ ಅಂದಾಗ ನೆನಪಾಯಿತು. 1947ರಲ್ಲಿ ನೆಹರು ಕೆಂಪುಕೋಟೆಯಲ್ಲಿ ಬಾವುಟ ಏರಿಸಿದ್ದು ಆಗಸ್ಟ್ 16ಕ್ಕೆ. 15ರಂದು ಏರಿಸಿದ್ದು ಇಂಡಿಯಾ ಗೇಟ್ ಹತ್ತಿರದ ಪ್ರಿನ್ಸೆಸ್ ಪಾರ್ಕಿನಲ್ಲಿ. ಪ್ರತಿವರ್ಷ ಭಾಷಣ ಸ್ಪರ್ಧೆಯಲ್ಲಿ ಮಕ್ಕಳು 15 ಅಂತಲೇ ಹೇಳುತ್ತಾರೆ.

ಇನ್ನೊಂದು ವಿಷಯ, ನಮ್ಮ ಹೆಣ್ಣುಮಕ್ಕಳಿಗೆ ನಾನು ತಪ್ಪದೆ ಹೇಳುತ್ತೇನೆ. 14ರ ಮಧ್ಯರಾತ್ರಿಯ ಸಭೆಯಲ್ಲಿ ಸಂವಿಧಾನ ಸಭೆಗೆ ಬಾವುಟ ಒಪ್ಪಿಸಿದವರು ಹಂಸಾ ಮೆಹ್ತಾ. ದೇಶದ ಎಲ್ಲ ಮಹಿಳೆಯರ ಪರವಾಗಿ, ಕಾಣಿಕೆಯಾಗಿ. ಸ್ವತಂತ್ರ ಭಾರತದ ಸಭೆಯ ಮೇಲೆ ಹಾರುವ ಮೊದಲ ಬಾವುಟ ಹೆಂಗಸರ ಉಡುಗೊರೆ ಅಂದರೆ ಎಷ್ಟು ಹೆಮ್ಮೆ ಅಲ್ವಾ?

ಉಣಕಲ್ ಕೆರೆ ದಂಡೆ
ಇದನ್ನು ಚಿಗವ್ವಗೆ ಇವತ್ತೇ ಫೋನ್ ಮಾಡಿ ಹೇಳುತ್ತೇನೆ.

ಕೆರೆಏರಿಯವ
ಇಷ್ಟೊಂದು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಬಣ್ಣದ್ದು ಅರ್ಥವಾಯಿತು. ಆದರೆ ಐದನೇ ಜಾರ್ಜ್ ವಿಷಯ? ಅದನ್ನು ಹೇಳಿದವರು ‘1911ರಲ್ಲೇ ರಾಜ ಬಂದಿದ್ದ, 1911ರಲ್ಲೇ ಹಾಡು ಬಂತು, ಇನ್ನೇನು ಸಾಕ್ಷಿ ಬೇಕು’ ಅನ್ನುತ್ತಾರೆ.

ಕುಂದಾಪ್ರ ಭಟ್ರು
ವರ್ಷ ಒಂದೇ ಇರೋದು ನಿಜ ಅಲ್ವಾ? ಬೆಂಕಿ ಇಲ್ಲದೆ ಹೊಗೆ ಬರುತ್ತಾ?

ಬೋಲ್ಪುರ ರೈಲು
ಹೊಗೆ ಎಲ್ಲಿಂದ ಬಂತು ಅಂತಲೇ ಹೇಳುತ್ತೇನೆ ಕೇಳಿ. ರಾಜ ಬಂದಿದ್ದ ದೆಹಲಿ ದರ್ಬಾರು ನಡೆದದ್ದು 1911ರ ಡಿಸೆಂಬರ್ 12ಕ್ಕೆ. ‘ಜನ ಗಣ ಮನ’ವನ್ನು ಮೊದಲು ಹಾಡಿದ್ದು ಡಿಸೆಂಬರ್ 27ಕ್ಕೆ, ಕಲ್ಕತ್ತದ ಕಾಂಗ್ರೆಸ್ ಅಧಿವೇಶನದ ಎರಡನೇ ದಿನ. ದರ್ಬಾರಿನಲ್ಲಿ ಅಲ್ಲವೇ ಅಲ್ಲ. ಅವತ್ತು ಅಧಿವೇಶನದಲ್ಲಿ ರಾಜನನ್ನು ಸ್ವಾಗತಿಸುವ ಇನ್ನೊಂದು ಹಾಡನ್ನೂ ಹಾಡಿದರು. ಅದು ಹಿಂದಿ ಹಾಡು, ಬರೆದವರು ರಾಮಭುಜ ಚೌಧರಿ. ಬಂಗಾಳದ ವಿಭಜನೆಯನ್ನು ರದ್ದು ಮಾಡಿದ್ದಕ್ಕೆ ಕಾಂಗ್ರೆಸ್ಸಿನವರು ಆಗ ರಾಜನಿಗೆ ಕೃತಜ್ಞತೆ ಹೇಳುತ್ತಿದ್ದ ಸಮಯ. ಇಂಗ್ಲಿಷ್ ಪತ್ರಿಕೆಗಳ ವರದಿಗಾರರಿಗೆ ಬಂಗಾಳಿಯೂ ಗೊತ್ತಿಲ್ಲ, ಹಿಂದಿಯೂ ಗೊತ್ತಿಲ್ಲ. ಎರಡನ್ನೂ ಕಲಸಿ, ಟಾಗೋರರು ರಾಜನ ಮೇಲೆ ಹಾಡು ಬರೆದರು ಅಂತ ಅಚ್ಚು ಹಾಕಿಬಿಟ್ಟರು. ಭಾರತೀಯರ ಪತ್ರಿಕೆಗಳು ಎರಡನ್ನೂ ಬೇರೆ ಬೇರೆಯಾಗಿಯೇ ವರದಿ ಮಾಡಿದ್ದವು.

ಟಾಗೋರರು 1937ರಲ್ಲಿ ಪುಲಿನ್ ಬಿಹಾರಿ ಸೇನರಿಗೆ ಬರೆದ ಕಾಗದದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದ್ದಾರೆ. ಬ್ರಿಟಿಷ್ ಸರಕಾರದಲ್ಲಿ ದೊಡ್ಡ ಸ್ಥಾನದಲ್ಲಿದ್ದ ಗೆಳೆಯರೊಬ್ಬರು ರಾಜನ ಮೇಲೆ ಹಾಡು ಬರೆಯಿರಿ ಅಂದಾಗ ಅವರಿಗೆ ಸಿಟ್ಟು ಬಂತಂತೆ. ಯುಗಯುಗಗಳಿಂದ ಈ ದೇಶದ ರಥ ನಡೆಸುತ್ತಿರುವ ಭಾಗ್ಯವಿಧಾತ ಯಾವ ಜಾರ್ಜೂ ಆಗಲಾರ ಅನ್ನುವುದು ಅವರ ಮಾತಿನ ಸಾರ. ಪೂರ್ತಿ ಐದು ಚರಣ ಓದಿದರೆ ಇದು ತಾನಾಗೇ ಗೊತ್ತಾಗುತ್ತದೆ. ನಾವು ಹಾಡುವುದು ಮೊದಲನೆಯದು ಮಾತ್ರ. ಮುಂದಿನ ಚರಣಗಳಲ್ಲಿ ಹಿಂದೂ, ಬೌದ್ಧ, ಸಿಖ್, ಜೈನ, ಪಾರಸಿ, ಮುಸಲ್ಮಾನ, ಕ್ರಿಸ್ತರೆಲ್ಲ ಬರುತ್ತಾರೆ. ಕತ್ತಲ ರಾತ್ರಿಯಲ್ಲಿ ಮಡಿಲಲ್ಲಿ ಕಾಪಾಡಿದ ತಾಯಿ ಬರುತ್ತಾಳೆ. ಲಂಡನ್ನಿನ ರಾಜನನ್ನು ಯಾರಾದರೂ ತಾಯಿ ಅಂತಾರಾ?

ಕುಂದಾಪ್ರ ಭಟ್ರು
ತಾಯಿಯ ಸಾಲು ಇರೋದು ಗೊತ್ತಿರಲಿಲ್ಲ ಮಾರಾಯ್ರೇ. ಐದೂ ಚರಣ ಎಲ್ಲಿ ಸಿಗುತ್ತೆ ಅಂತ ನೋಡುತ್ತೇನೆ.

ಮುಳಬಾಗಿಲು ದೋಸೆ
ನಮ್ಮ ಕೋಲಾರದ ಗಡಿ ದಾಟಿದರೆ ಮದನಪಲ್ಲಿ. ಈ ಹಾಡಿಗೆ ಆ ಊರಿನ ನಂಟು ದೊಡ್ಡದು. 1919ರ ಫೆಬ್ರವರಿಯಲ್ಲಿ ಟಾಗೋರರು ಅಲ್ಲಿನ ಥಿಯಾಸಫಿಕಲ್ ಕಾಲೇಜಿನಲ್ಲಿ ಉಳಿದುಕೊಂಡಿದ್ದರು. ಜೇಮ್ಸ್ ಕಸಿನ್ಸ್ ಪ್ರಾಂಶುಪಾಲರು. ಟಾಗೋರರು ಹಾಡಿ ತೋರಿಸಿದ್ದನ್ನು ಅವರ ಹೆಂಡತಿ ಮಾರ್ಗರೆಟ್ ಕಸಿನ್ಸ್ ಸ್ವರ ಹಾಕಿ ಬರೆದುಕೊಂಡರು. ಇಂಗ್ಲಿಷ್ ಅನುವಾದವನ್ನು ಟಾಗೋರರು ಅಲ್ಲೇ ಮಾಡಿದರು.

ರಾಯಚೂರು ಬಿಸಿಲು
ಯುನೆಸ್ಕೊ ನಮ್ಮ ರಾಷ್ಟ್ರಗೀತೆಗೆ ಜಗತ್ತಿನಲ್ಲೇ ಶ್ರೇಷ್ಠ ಅಂತ ಪ್ರಶಸ್ತಿ ಕೊಟ್ಟಿದೆ. ಅದನ್ನೂ ಸೇರಿಸಿ ಹೇಳಿ ಸಭೆಯಲ್ಲಿ.

ಹಳೇ ಕಡತ
ದಯವಿಟ್ಟು ಬೇಡ. ಅದು ಸುಳ್ಳು ಸುದ್ದಿ. ಯುನೆಸ್ಕೊದವರೇ 2008ರಲ್ಲಿ ನಾವು ಹಾಗೆ ಹೇಳಿಲ್ಲ ಅಂದಿದ್ದಾರೆ. ಪ್ರತಿ ಆಗಸ್ಟಿನಲ್ಲೂ ವಾಟ್ಸಾಪಿನಲ್ಲಿ ತಿರುಗುತ್ತದೆ. ನಮ್ಮ ಹಾಡಿನ ಬೆಲೆ ತಿಳಿಯಲು ಯಾರ ಪ್ರಶಸ್ತಿಯೂ ಬೇಕಿಲ್ಲ.

ಶಾರ್ಜಾ ಕನ್ನಡಿಗ
ಇಲ್ಲಿ ಮಗಳ ಶಾಲೆಯಲ್ಲಿ ಬೆಳಿಗ್ಗೆ ಮೊದಲು ಎಮಿರೇಟ್ಸ್ ಗೀತೆ, ಆಮೇಲೆ ಜನ ಗಣ ಮನ. ಎರಡಕ್ಕೂ ಮಕ್ಕಳು ಒಂದೇ ಥರ ನೆಟ್ಟಗೆ ನಿಲ್ಲುತ್ತಾರೆ. ನೋಡಿದರೆ ಖುಷಿಯಾಗುತ್ತದೆ.

ಬೋಲ್ಪುರ ರೈಲು
ಅಂದ ಹಾಗೆ ಈ ಹಾಡು ಹೊರದೇಶದಲ್ಲೇ ಮೊದಲು ರಾಷ್ಟ್ರಗೀತೆಯ ಮರ್ಯಾದೆ ಪಡೆದದ್ದು. 1942ರ ಸೆಪ್ಟೆಂಬರ್ 11ರಂದು ಜರ್ಮನಿಯ ಹ್ಯಾಂಬರ್ಗ್‌ನಲ್ಲಿ, ನೇತಾಜಿ ಅಲ್ಲಿದ್ದಾಗ, ವಾದ್ಯಗೋಷ್ಠಿಯಲ್ಲಿ ನುಡಿಸಿದರು. 1947ರಲ್ಲಿ ನ್ಯೂಯಾರ್ಕ್‌ನ ವಿಶ್ವಸಂಸ್ಥೆ ಸಭೆಯಲ್ಲಿ ನಮ್ಮ ನಿಯೋಗವನ್ನು ನಿಮ್ಮ ರಾಷ್ಟ್ರಗೀತೆ ಕೊಡಿ ಅಂತ ಕೇಳಿದರು. ಆಗ ನಮ್ಮಲ್ಲಿ ಇನ್ನೂ ತೀರ್ಮಾನವೇ ಆಗಿರಲಿಲ್ಲ. ಇದರದೇ ಒಂದು ರೆಕಾರ್ಡ್ ಕೊಟ್ಟರು. ಅಲ್ಲಿನ ವಾದ್ಯವೃಂದ ನುಡಿಸಿದಾಗ ಎಲ್ಲರೂ ಮೆಚ್ಚಿಕೊಂಡರು ಅಂತ ನೆಹರು 1948ರಲ್ಲಿ ನಮ್ಮ ಸಂವಿಧಾನ ಸಭೆಗೆ ಹೇಳಿದ್ದಾರೆ. ಕೊನೆಗೆ 1950ರ ಜನವರಿ 24ರಂದು ರಾಜೇಂದ್ರ ಪ್ರಸಾದರು ಘೋಷಣೆ ಮಾಡಿದರು. ವಂದೇ ಮಾತರಂಗೂ ಅಷ್ಟೇ ಗೌರವ ಅಂತ ಅವತ್ತೇ ಹೇಳಿದರು. ಮತಕ್ಕೆ ಹಾಕಲಿಲ್ಲ, ಠರಾವೂ ಇಲ್ಲ.

ರಾಯಚೂರು ಬಿಸಿಲು
ಹಾಡಿನಲ್ಲಿ ಪಂಜಾಬ, ಗುಜರಾತ, ಮರಾಠ, ಉತ್ಕಲ, ವಂಗ ಎಲ್ಲ ಇವೆ. ಕರ್ನಾಟಕ ಯಾಕಿಲ್ಲ? ಸಿಂಧ್ ಮಾತ್ರ ಯಾಕಿದೆ? ಅದು ಪಾಕಿಸ್ತಾನದಲ್ಲಿದೆ.

ಕಪ್ಪುಕೋಟು
1911ರಲ್ಲಿ ಕರ್ನಾಟಕ ಅಂತ ಒಂದು ರಾಜ್ಯವೇ ಇರಲಿಲ್ಲ. ನಾವು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಅಂತ ಹಂಚಿಹೋಗಿದ್ದೆವು. ದಕ್ಷಿಣದವರೆಲ್ಲ ‘ದ್ರಾವಿಡ’ದಲ್ಲಿ ಬಂದೆವು. ಸಿಂಧ್ ತೆಗೆಯಿರಿ ಅಂತ ಕೋರ್ಟಿಗೂ ಹೋಗಿದ್ದರು. 2005ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಹಾಡು ನಕ್ಷೆ ಅಲ್ಲ, ಸಿಂಧಿ ಜನ ಇಲ್ಲಿ ಇದ್ದಾರೆ, ಅವರ ಸಂಸ್ಕೃತಿ ಇಲ್ಲಿದೆ.

ಸೋಬಾನೆ
ನಮಗೆ ನಾಡಗೀತೆ ಇದೆಯಲ್ಲ. ಕುವೆಂಪು ಅವರದು ಅದನ್ನೇ ಹೇಳುತ್ತದೆ, ಕರ್ನಾಟಕ ಭಾರತಮಾತೆಯ ಮಗಳು ಅಂತ. ಎರಡಕ್ಕೂ ಜಗಳವೇ ಇಲ್ಲ.

ಟೀಚರ್ ಹೊನ್ನಾಳಿ
2004ರಲ್ಲಿ ನಾಡಗೀತೆ ಆಯಿತು. ಆಮೇಲೆ ಧಾಟಿ ಯಾವುದು, ಎಷ್ಟು ಹೊತ್ತು ಅಂತ ವರ್ಷಗಟ್ಟಲೆ ಜಗ್ಗಾಟ. 2022ರಲ್ಲಿ ಮೈಸೂರು ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡು ಅಂತ ಸರಕಾರ ಆದೇಶ ಹೊರಡಿಸಿತು. ರಾಷ್ಟ್ರಗೀತೆಗೆ ಸುಮಾರು 52 ಸೆಕೆಂಡು. ಶಾಲೆಯಲ್ಲಿ ಧ್ವನಿವರ್ಧಕ ಹಾಕಿ ಮಕ್ಕಳು ಬಾಯಿ ಮುಚ್ಚಿ ನಿಲ್ಲೋದು ನನಗೆ ಸೇರಲ್ಲ. ತಪ್ಪಾದರೂ ಚಿಂತೆಯಿಲ್ಲ, ಅವರೇ ಹಾಡಬೇಕು. ಒಂದನೇ ತರಗತಿಯ ಮಕ್ಕಳು ಕೊನೆಯ ‘ಜಯ ಹೇ’ಗೆ ಬಂದಾಗ ಕಣ್ಣು ಮುಚ್ಚಿ ಜೋರಾಗಿ ಎಳೆಯುತ್ತಾರೆ. ಅದರಲ್ಲಿ ಇರುವ ಜೀವ ಯಾವ ರೆಕಾರ್ಡಿನಲ್ಲೂ ಇಲ್ಲ.

ರಾಯಚೂರು ಬಿಸಿಲು
ಹಾಡದೇ ಇರುವವರ ಮೇಲೆ ಕೇಸು ಹಾಕಬೇಕು. ರಾಷ್ಟ್ರಗೌರವಕ್ಕೆ ಅಪಮಾನ ತಡೆಯುವ 1971ರ ಕಾನೂನಿನಲ್ಲಿ 3 ವರ್ಷ ಜೈಲು ಇದೆ.

ಕಪ್ಪುಕೋಟು
ಆ ಕಾನೂನು ಬೇಕೆಂದೇ ಹಾಡಿಗೆ ಅಡ್ಡಿ ಮಾಡುವವರಿಗೆ. ಹಾಡದೆ ಗೌರವದಿಂದ ನಿಂತವರಿಗೆ ಅಲ್ಲ. 1986ರಲ್ಲಿ ಕೇರಳದ ಮೂರು ಮಕ್ಕಳ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. ಅವರ ಧರ್ಮದ ನಂಬಿಕೆಯ ಕಾರಣಕ್ಕೆ ಹಾಡುತ್ತಿರಲಿಲ್ಲ, ಆದರೆ ಎದ್ದು ನಿಲ್ಲುತ್ತಿದ್ದರು. ಶಾಲೆಯಿಂದ ಹೊರಹಾಕಿದ್ದು ತಪ್ಪು ಅಂತ ತೀರ್ಪು ಬಂತು. ಸಿನಿಮಾ ಮಂದಿರದಲ್ಲಿ ಕಡ್ಡಾಯ ಅಂತ 2016ರಲ್ಲಿ ಆದೇಶ ಆಗಿತ್ತು, 2018ರ ಜನವರಿಯಲ್ಲಿ ಅದನ್ನೂ ಐಚ್ಛಿಕ ಮಾಡಿದರು. ಬಲವಂತದಿಂದ ಬಾಯಿ ತೆರೆಸಬಹುದು, ಪ್ರೀತಿ ಹುಟ್ಟಿಸೋಕೆ ಆಗಲ್ಲ.

ರಾಯಚೂರು ಬಿಸಿಲು
ಕೋರ್ಟು ಏನೇ ಹೇಳಲಿ, 52 ಸೆಕೆಂಡು ಬಾಯಿಬಿಟ್ಟು ಹಾಡೋಕೆ ಏನು ಕಷ್ಟ? ಇದರಲ್ಲಿ ನನ್ನ ಅಭಿಪ್ರಾಯ ಬದಲಾಗಲ್ಲ.

ಕೆರೆಏರಿಯವ
ಹಳೇ ಬಾವುಟವನ್ನು ಏನು ಮಾಡಬೇಕು ಅಂತಲೂ ಹೇಳಿ. ಆಫೀಸಿನ ಕಪಾಟಿನಲ್ಲಿ ಬಿದ್ದಿದೆ.

ಕಪ್ಪುಕೋಟು
ಕಸಕ್ಕೆ ಹಾಕಬೇಡಿ, ಒರೆಸುವ ಬಟ್ಟೆ ಮಾಡಬೇಡಿ. ಜನರ ಎದುರು ಬೇಡ, ಖಾಸಗಿಯಾಗಿ ಗೌರವದಿಂದ ಪೂರ್ತಿ ಸುಟ್ಟುಬಿಡಿ. ಹೊಸದನ್ನು ಏರಿಸುವಾಗ ಬೇಗ ಏರಿಸಿ, ಇಳಿಸುವಾಗ ನಿಧಾನವಾಗಿ ಇಳಿಸಿ. ಒಳಗೆ ಹೂವಿನ ಎಸಳು ಇಟ್ಟು ಕಟ್ಟಬಹುದು. ಉದ್ದ ಅಗಲ 3ಕ್ಕೆ 2 ಇದೆಯಾ ನೋಡಿ, ಆನ್‌ಲೈನ್ ಬಾವುಟಗಳಲ್ಲಿ ತುಂಬಾ ಸಲ ಅಳತೆ ತಪ್ಪಿರುತ್ತದೆ. ಚಕ್ರ ಮೊಟ್ಟೆಯಾಕಾರ ಆಗಿರುವುದನ್ನೂ ನೋಡಿದ್ದೇನೆ.

ಟೀಚರ್ ಹೊನ್ನಾಳಿ
ಚಿಕ್ಕ ಪ್ಲಾಸ್ಟಿಕ್ ಬಾವುಟ ತರಲೇಬೇಡಿ. 16ನೇ ತಾರೀಖು ಬೆಳಿಗ್ಗೆ ಚರಂಡಿ ಬದಿಯಲ್ಲಿ ಬಿದ್ದಿರುವುದನ್ನು ನೋಡಿದರೆ ಕರುಳು ಚುರ್ರ್ ಅನ್ನುತ್ತದೆ. ಮಕ್ಕಳ ಕೈಗೆ ಕಾಗದದ್ದು ಕೊಡಿ, ಆದಮೇಲೆ ವಾಪಸ್ ತೆಗೆದುಕೊಳ್ಳಿ.

ಬಾರುಕೋಲು
ಬೆಳಗಾವಿ ಕೋಟೆ ಕೆರೆ ಹತ್ತಿರ 2018ರಲ್ಲಿ 110 ಮೀಟರ್ ಕಂಬ ನಿಲ್ಲಿಸಿದರು. ಅಷ್ಟು ಎತ್ತರದ ಗಾಳಿಗೆ ಖಾದಿ ತಡೆಯಲ್ಲ, ಹರಿದುಹೋಗುತ್ತದೆ. ಅಲ್ಲಿ ಪಾಲಿಯೆಸ್ಟರೇ ಬೇಕು. ನಿಮ್ಮ ಬಡಾವಣೆಯ ಕಂಬ ಇಪ್ಪತ್ತು ಅಡಿ ಇರಬಹುದು. ಅದಕ್ಕೆ ಖಾದಿ ಧಾರಾಳ ಸಾಕು.

ಗೌಡ್ರ ಮೊಮ್ಮಗಳು
ನಮ್ಮದು ಮದ್ದೂರಿನ ಕಡೆ. ಎಲ್ಲರೂ ದೆಹಲಿ ಕಲ್ಕತ್ತ ಅಂತ ಮಾತಾಡುತ್ತಿದ್ದೀರಿ, ಶಿವಪುರದ ಹೆಸರು ಯಾರೂ ಎತ್ತಲಿಲ್ಲ. 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ನಡೆದದ್ದು ಅಲ್ಲಿ. ಬಾವುಟ ಏರಿಸಬಾರದು ಅಂತ ಸರಕಾರದ ಆಜ್ಞೆ. ಟಿ. ಸಿದ್ಧಲಿಂಗಯ್ಯನವರು ಏರಿಸಿದರು, ಪೊಲೀಸರು ಹಿಡಿದುಕೊಂಡು ಹೋದರು. ಸುತ್ತಲ ಹಳ್ಳಿಯ ರೈತರು ಸಾವಿರಾರು ಜನ ಬಂದಿದ್ದರು. ಈಗ ಅಲ್ಲಿ ಸತ್ಯಾಗ್ರಹ ಸೌಧ ಇದೆ. ಬೆಂಗಳೂರು–ಮೈಸೂರು ಓಡಾಡುವವರಲ್ಲಿ ಎಷ್ಟು ಜನ ಒಳಗೆ ಹೋಗಿ ನೋಡಿದ್ದಾರೋ ಗೊತ್ತಿಲ್ಲ. ವಡೆ ತಿನ್ನೋಕೆ ನಿಲ್ಲುವವರು ಅಲ್ಲೂ ಹತ್ತು ನಿಮಿಷ ನಿಲ್ಲಬೇಕು ಅನ್ನೋದು ನನ್ನಾಸೆ.

ಮುಳಬಾಗಿಲು ದೋಸೆ
ಅದೇ ತಿಂಗಳ 25ಕ್ಕೆ ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆಯಿತು. ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ. ಸರಕಾರ ಹೇಳಿದ ಲೆಕ್ಕವೇ ಬೇರೆ, ಊರಿನವರು 30ಕ್ಕಿಂತ ಜಾಸ್ತಿ ಜನ ಸತ್ತರು ಅನ್ನುತ್ತಾರೆ. ಆಮೇಲೆ ಪಟೇಲರು ಮತ್ತು ಕೃಪಲಾನಿ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತಾಡಿದರು. ಮೈಸೂರಿನ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು ಅಂತ ಒಪ್ಪಂದ ಆಯಿತು.

ಬಾರುಕೋಲು
ಶಿವಮೊಗ್ಗದ ಈಸೂರನ್ನೂ ಸೇರಿಸಿ. 1942ರಲ್ಲಿ ವೀರಭದ್ರ ದೇವರ ಗುಡಿಯ ಮೇಲೆ ಬಾವುಟ ಹಾರಿಸಿ ನಮ್ಮ ಊರು ಸ್ವತಂತ್ರ ಅಂದವರು. ಆಮೇಲೆ ನೇಣಿಗೂ ಹೋದರು.

ಮಗ್ಗದ ಮನೆ
ಆ ಜನ ಹಿಡಿದಿದ್ದ ಬಾವುಟ ಯಾವ ಬಟ್ಟೆಯದು ಅಂತ ಯಾರು ಕೇಳಿದರು? ಬಾವುಟಕ್ಕೆ ಬೆಲೆ ಬರೋದು ಹಿಡಿದ ಕೈಯಿಂದ. ಇದನ್ನೇ ನಾನು ಮೊದಲಿನಿಂದ ಹೇಳುತ್ತಿರೋದು.

ನರೇಂದ್ರದ ಹೊಲದವ
ಹಿಡಿದ ಕೈಗೂ ಬೆಲೆ ಇದೆ, ನೇಯ್ದ ಕೈಗೂ ಬೆಲೆ ಇದೆ. ಆ ಕಾಲದಲ್ಲಿ ಹಿಡಿದವರೂ ನೂತವರೂ ಹೆಚ್ಚುಕಡಿಮೆ ಒಬ್ಬರೇ ಆಗಿದ್ದರು ಅಣ್ಣ. ನೀವು ನಿಮ್ಮ ಮಾತು ಬಿಡಬೇಡಿ, ನಾನು ನನ್ನದು ಬಿಡಲ್ಲ.

ಕೆರೆಏರಿಯವ
ವಿದುರಾಶ್ವತ್ಥಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಬಹುದಾ? ನೋಡೋಕೆ ಏನಿದೆ ಅಲ್ಲಿ?

ಮುಳಬಾಗಿಲು ದೋಸೆ
ಖಂಡಿತ ಹೋಗಿ. ಗೌರಿಬಿದನೂರಿನಿಂದ ಹಿಂದೂಪುರದ ಕಡೆ ಹತ್ತಿರವೇ. ವೀರಸೌಧದಲ್ಲಿ ಸ್ವಾತಂತ್ರ್ಯ ಹೋರಾಟದ ಚಿತ್ರಗಳಿವೆ, ಹುತಾತ್ಮರ ಸ್ಮಾರಕ ಇದೆ. ಪಕ್ಕದಲ್ಲೇ ದೇವಸ್ಥಾನ, ಸಾಲುಸಾಲು ನಾಗರಕಲ್ಲು. ಹಳೇ ಅಶ್ವತ್ಥ ಮರ 2001ರಲ್ಲಿ ಬಿದ್ದುಹೋಯಿತು. ಬೆಳಿಗ್ಗೆ ಬೇಗ ಹೊರಡಿ, ಮಧ್ಯಾಹ್ನ ಬಿಸಿಲು ಜಾಸ್ತಿ.

ಉಣಕಲ್ ಕೆರೆ ದಂಡೆ
ಬಾವುಟ ಬೆಂಗೇರಿಯಿಂದಲೇ ಬೇಕಾದರೆ ಈಗಲೇ ಹೇಳ್ರಿ. ಕಂಬದ ಎತ್ತರ ತಿಳಿಸಿದರೆ ಯಾವ ಅಳತೆ ಅಂತ ಚಿಗವ್ವನ್ನ ಕೇಳಿ ಹೇಳುತ್ತೇನೆ. ಒಂಬತ್ತು ಅಳತೆಯಲ್ಲಿ ಮಾಡುತ್ತಾರೆ. ಆಗಸ್ಟ್ ಹತ್ತಿರ ಬಂದ ಮೇಲೆ ಕೇಳಿದರೆ ಕಷ್ಟ.